ಇಬ್ಬರ ಸ್ನೇಹ, ಎರಡು ಬಗೆಯ ಪ್ರಬಂಧ

ಲಲಿತ ಪ್ರಬಂಧವನ್ನು ಉಳಿದ ಪ್ರಬಂಧಗಳಿಂದ ಬೇರ್ಪಡಿಸುವಾಗ ನಮ್ಮಲ್ಲಿ ಸಾಮಾನ್ಯವಾಗಿ ಕೆಲವು ಗುಣಗಳನ್ನು ಹೇಳುತ್ತಾರೆ: ಲೇಖಕನ ವ್ಯಕ್ತಿತ್ವದ ಛಾಪು, ಹಗುರ ಧಾಟಿ, ಸಡಿಲವಾದ ಬಂಧ. ಇವು ಸುಳ್ಳಲ್ಲ. ಆದರೆ ಒಳ್ಳೆಯ ಪತ್ರದಲ್ಲೂ ಇವು ಇರುತ್ತವೆ, ಕೆಟ್ಟ ಭಾಷಣದಲ್ಲೂ ಇರುತ್ತವೆ. ಈ ಪ್ರಕಾರ ಕಣ್ಣು ತೆರೆದ ಕಾಲದ ಎರಡು ಪುಸ್ತಕಗಳ ಮುದ್ರಣಚರಿತ್ರೆಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇವಕ್ಕಿಂತ ಗಟ್ಟಿಯಾದ ಗುರುತೊಂದು ಸಿಗುತ್ತದೆ. ಲೇಖಕ ತಾನು ಬರೆದದ್ದನ್ನು ಹೇಗೆ ತಿದ್ದಿದ ಎಂಬುದೇ ಆ ಗುರುತು.

ಫ್ರಾನ್ಸಿನ ಮಾಂಟೇನ್ 38ರ ವಯಸ್ಸಿಗೆ ನ್ಯಾಯಾಲಯದ ಹುದ್ದೆಯಿಂದ ದೂರವಾಗಿ ತನ್ನ ಮನೆಯ ಗೋಪುರದಲ್ಲಿ ಪುಸ್ತಕಗಳ ನಡುವೆ ಕೂತವನು. ಅವನ ಪ್ರಬಂಧಗಳ ಮೊದಲ ಎರಡು ಭಾಗ ಬೋರ್ಡೊ ನಗರದಲ್ಲಿ 1580ರಲ್ಲಿ ಅಚ್ಚಾದವು. ಆರಂಭದ ಬರಹಗಳಲ್ಲಿ ಅವನು ಅಷ್ಟಾಗಿ ಕಾಣಿಸುವುದಿಲ್ಲ. ಹಳೆಯ ಗ್ರಂಥಗಳಿಂದ ಆಯ್ದ ಪ್ರಸಂಗಗಳನ್ನು ಪೋಣಿಸಿ, ಕೊನೆಗೊಂದು ಟಿಪ್ಪಣಿ ಸೇರಿಸುವುದು ಅಲ್ಲಿನ ಕ್ರಮ. 1588ರ ಆವೃತ್ತಿಯಲ್ಲಿ ಮೂರನೆಯ ಭಾಗ ಬಂತು. ಅದಕ್ಕಿಂತ ಮುಖ್ಯವಾಗಿ, ಮೊದಲ ಎರಡು ಭಾಗಗಳ ಒಳಗೆ ನೂರಾರು ಸೇರ್ಪಡೆಗಳು ಬಂದವು. ಆ ಆವೃತ್ತಿಯ ಒಂದು ಪ್ರತಿಯ ಅಂಚುಗಳಲ್ಲಿ ಅವನು 1592ರಲ್ಲಿ ಸಾಯುವವರೆಗೂ ಕೈಯಿಂದ ಬರೆಯುತ್ತಲೇ ಹೋದ. ಆ ಪ್ರತಿ ಇಂದಿಗೂ ಬೋರ್ಡೊದಲ್ಲಿದೆ. ಹೊಸದನ್ನು ಸೇರಿಸುತ್ತಿದ್ದವನು ಹಳೆಯ ಅಭಿಪ್ರಾಯವನ್ನು ತೆಗೆದುಹಾಕಿದ್ದು ತೀರ ಕಡಿಮೆ. ಐವತ್ತರ ಮಾಂಟೇನ್ ನಲವತ್ತರ ಮಾಂಟೇನನ ಮಾತಿಗೆ ಎದುರು ಹೇಳಿದರೂ ಇಬ್ಬರೂ ಒಂದೇ ಪುಟದಲ್ಲಿ ಉಳಿದರು. ವಿದ್ವಾಂಸರು ಇಂದು ಈ ಪದರಗಳನ್ನು ಬೇರೆಬೇರೆ ಅಕ್ಷರಗಳಿಂದ ಗುರುತಿಸಿ ಅಚ್ಚು ಹಾಕುತ್ತಾರೆ.

ಸ್ನೇಹವನ್ನು ಕುರಿತ ಅವನ ಪ್ರಬಂಧ ಇದಕ್ಕೆ ಒಳ್ಳೆಯ ಸಾಕ್ಷಿ. 1563ರಲ್ಲಿ ತೀರಿಕೊಂಡ ಗೆಳೆಯ ಲಾ ಬೊಯೆಸಿಯೇ ಅದರ ಕೇಂದ್ರ. ಅವನನ್ನು ಏಕೆ ಪ್ರೀತಿಸಿದೆ ಎಂದು ಕೇಳಿದರೆ ಹೇಳಲಾಗದು ಎಂಬಲ್ಲಿಗೆ 1580ರ ಪಾಠ ನಿಂತುಬಿಡುತ್ತದೆ. ಗೆಳೆಯ ಅವನಾಗಿದ್ದ, ತಾನು ತಾನಾಗಿದ್ದೆ, ಕಾರಣ ಅಷ್ಟೇ ಎಂಬ ಅರ್ಥದ ಪ್ರಸಿದ್ಧ ಉತ್ತರ ಮೂಡಿದ್ದು 1588ರ ನಂತರ, ಅಂಚಿನ ಕೈಬರಹದಲ್ಲಿ. ಅದರಲ್ಲೂ ವಾಕ್ಯದ ಎರಡು ತುಂಡುಗಳ ಶಾಯಿ ಬೇರೆ ಬೇರೆ. ಗೆಳೆಯ ಸತ್ತು ಕಾಲು ಶತಮಾನ ಕಳೆದ ಮೇಲೆ ಅರ್ಧ ಉತ್ತರ, ಆಮೇಲೆ ಇನ್ನರ್ಧ! ಪ್ರಬಂಧದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ನನಗೆ ಕಂಡಿಲ್ಲ.

ಇನ್ನು ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್. 1597ರಲ್ಲಿ 10 ಪ್ರಬಂಧ, 1612ರಲ್ಲಿ 38, 1625ರಲ್ಲಿ 58. ಅವನೂ ಬೆಳೆಸುತ್ತಲೇ ಇದ್ದ. ಅವನದೂ ಸ್ನೇಹದ ಮೇಲೊಂದು ಪ್ರಬಂಧವಿದೆ. 1612ರಲ್ಲಿ ಚಿಕ್ಕದಾಗಿ ಬಂದದ್ದನ್ನು 1625ಕ್ಕೆ ಗೆಳೆಯ ಟೋಬಿ ಮ್ಯಾಥ್ಯೂ ಕೋರಿಕೆಯ ಮೇರೆಗೆ ಪೂರ್ತಿ ಹೊಸದಾಗಿ ಬರೆದ. ಹೊಸ ಪಾಠದಲ್ಲಿ ಸ್ನೇಹದ ಫಲಗಳು ಒಂದಾದ ಮೇಲೊಂದು ಬರುತ್ತವೆ: ಭಾವಗಳಿಗೆ ನೆಮ್ಮದಿ, ವಿವೇಕಕ್ಕೆ ಬೆಂಬಲ, ಕೆಲಸಕಾರ್ಯಗಳಲ್ಲಿ ನೆರವು. ರೋಮಿನ ದೊರೆಗಳು ಉದಾಹರಣೆಯಾಗಿ ಬರುತ್ತಾರೆ, ಬರೆಯಿಸಿದ ಗೆಳೆಯ ಮಾತ್ರ ಎಲ್ಲೂ ಸುಳಿಯುವುದಿಲ್ಲ. ಹಳೆಯ ಪಾಠದ ಜಾಗವನ್ನು ಹೊಸದು ಪೂರ್ತಿ ಆಕ್ರಮಿಸಿಕೊಂಡಿತು.

ಹುದ್ದೆಯ ವಿಷಯದಲ್ಲೂ ಹೀಗೆಯೇ. ಲಂಚದ ಆರೋಪದ ಮೇಲೆ 1621ರಲ್ಲಿ ಅಧಿಕಾರ ಕಳೆದುಕೊಂಡ ಬೇಕನ್, ದೊಡ್ಡ ಹುದ್ದೆಯಲ್ಲಿರುವವರು ಲಂಚದಿಂದ ದೂರವಿರಬೇಕೆನ್ನುವ ಪ್ರಬಂಧವನ್ನು 1625ರಲ್ಲಿ ಮತ್ತೆ ಪ್ರಕಟಿಸಿದ. ತನ್ನ ಪತನದ ಬಗ್ಗೆ ಚಕಾರವಿಲ್ಲ. ಇತ್ತ 1581ರಿಂದ 1585ರವರೆಗೆ ಬೋರ್ಡೊದ ಮೇಯರ್ ಆಗಿದ್ದ ಮಾಂಟೇನ್, ಆ ಕೆಲಸದಲ್ಲಿ ತಾನು ಎಷ್ಟು ತೊಡಗಿದ್ದೆ, ಎಷ್ಟು ತೊಡಗಲಿಲ್ಲ ಎಂಬುದನ್ನೇ ಮೂರನೆಯ ಭಾಗದಲ್ಲಿ ಚರ್ಚೆಗೆ ಎತ್ತಿಕೊಳ್ಳುತ್ತಾನೆ. ಬೇಕನ್ ಕಡಿಮೆ ಲೇಖಕನಲ್ಲ. ಅವನ ಪ್ರಬಂಧಕ್ಕೆ ಬೇಕಾದದ್ದು ತೀರ್ಮಾನ. ತೀರ್ಮಾನಕ್ಕೆ ಬಂದ ದಾರಿಯನ್ನು ಅದು ಮುಚ್ಚಿಬಿಡುತ್ತದೆ.

ಹಾಗಾದರೆ ಆ ದಾರಿಯನ್ನು ಮುಚ್ಚದ ಲಲಿತ ಪ್ರಬಂಧವೆಂದರೆ ಆತ್ಮಕಥೆಯ ತುಣುಕೇ? ಚಾರ್ಲ್ಸ್ ಲ್ಯಾಂಬ್ ಈ ಊಹೆಯನ್ನು ಕೆಡಿಸುತ್ತಾನೆ. ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನು 1820ರಿಂದ ಲಂಡನ್ ಮ್ಯಾಗಜೀನ್‌ಗೆ ಬರೆದದ್ದು ‘ಇಲಿಯ’ ಎಂಬ ಹೆಸರಿನಲ್ಲಿ. ಅಕ್ಕ ಮೇರಿ ಅಲ್ಲಿ ದಾಯಾದಿ ಬ್ರಿಜೆಟ್ ಆಗುತ್ತಾಳೆ. ತಾನು ಓದಿದ ಶಾಲೆಯ ಮೇಲಿನ ಒಂದು ಪ್ರಬಂಧದಲ್ಲಂತೂ ಇಲಿಯ, ಇದೇ ಶಾಲೆಯನ್ನು ಹೊಗಳಿ ಲ್ಯಾಂಬ್ ಹಿಂದೆ ಬರೆದಿದ್ದ ಲೇಖನಕ್ಕೆ ತಕರಾರು ತೆಗೆಯುತ್ತಾನೆ. ಅಲ್ಲಿ ‘ನಾನು’ ಎನ್ನುವ ಹುಡುಗನ ಅನುಭವ ಬಹುಪಾಲು ಸಹಪಾಠಿ ಕೋಲ್‌ರಿಜನದು. ಆತ್ಮಕಥೆಯಲ್ಲಿ ಇದು ಮೋಸವೆನಿಸುತ್ತಿತ್ತು. ಇಲ್ಲಿ ಓದುಗ ನಂಬುವುದು ಘಟನೆಯನ್ನಲ್ಲ, ಯೋಚಿಸುವ ದನಿಯನ್ನು. ಒಬ್ಬನೇ ಮನುಷ್ಯ ತನ್ನ ಹಿಂದಿನ ಮಾತಿನೊಡನೆ ಜಗಳವಾಡುವುದನ್ನು ಮಾಂಟೇನ್ ಪುಟದ ಅಂಚಿನಲ್ಲಿ ಮಾಡಿದ. ಲ್ಯಾಂಬ್ ಎರಡು ಹೆಸರಿಟ್ಟುಕೊಂಡು ಮಾಡಿದ.

ಕನ್ನಡಕ್ಕೆ ಈ ಪ್ರಕಾರ ಬಂದದ್ದು, ನನ್ನ ಎಣಿಕೆಯಲ್ಲಿ, ಬಹುಮಟ್ಟಿಗೆ ಇಂಗ್ಲಿಷ್ ತರಗತಿಯ ಲ್ಯಾಂಬನ ಮೂಲಕ. ಬಂದ ಮೇಲೆ ಅದು ಊರಿನ ಜಗಲಿಯಲ್ಲಿ ಕೂತಿತು. ಗೊರೂರರ ‘ಹಳ್ಳಿಯ ಚಿತ್ರಗಳು’ (1930), ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933) ಎರಡರಲ್ಲೂ ‘ನಾನು’ ಇದ್ದಾನೆ, ಆದರೆ ಜನರ ನಡುವೆ, ಕಾಡಿನ ನಡುವೆ, ಒಂದು ಪಕ್ಕಕ್ಕೆ ಸರಿದು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ (1937) ಬಂದಾಗ ಮನಸ್ಸಿನ ಅಲೆದಾಟವೇ ವಸ್ತುವಾಯಿತು. ಶಾಲೆಯಲ್ಲಿ ಓದಿದವರಿಗೆ ಅವರ ‘ವ್ಯಾಘ್ರಗೀತೆ’ ನೆನಪಿರುತ್ತದೆ: ಗೀತೆಯ ಧರ್ಮ ಪಾಲಿಸುತ್ತ ಬೆನ್ನು ತೋರಿಸಿದವನ ಮೇಲೆ ಎರಗದ ಹುಲಿ, ಅದರ ಕಣ್ಣಿಗೆ ಬಿದ್ದ ಶಾನುಭೋಗರು. ಕಥೆಯೆಂದೇ ಓದಬಹುದು. ಆದರೂ ಅದನ್ನು ಪ್ರಬಂಧವಾಗಿಸುವುದು ಹುಲಿಯಲ್ಲ, ಶಾನುಭೋಗರಲ್ಲ; ಧರ್ಮಪಾಲನೆಯನ್ನು ಗೌರವಿಸಬೇಕೋ ನಗಬೇಕೋ ಎಂದು ತೀರ್ಮಾನಿಸಲು ಒಪ್ಪದ ನಿರೂಪಕನ ದನಿ.

ಅದೇ ಮೂರ್ತಿರಾಯರು ಇಳಿವಯಸ್ಸಿನಲ್ಲಿ ಬರೆದ ‘ದೇವರು’ ಕೃತಿಯಲ್ಲೂ ‘ನಾನು’ ಧಾರಾಳವಾಗಿದೆ, ತಿಳಿಹಾಸ್ಯವಿದೆ. ಅದನ್ನು ಯಾರೂ ಲಲಿತ ಪ್ರಬಂಧವೆನ್ನುವುದಿಲ್ಲ. ಅಲ್ಲಿ ವಾದ ಒಂದೊಂದೇ ನಂಬಿಕೆಯನ್ನು ಪರೀಕ್ಷಿಸಿ ಬದಿಗಿಡುತ್ತ ಮುಂದೆ ಸಾಗುತ್ತದೆ. ‘ನಾನು’ ಎಂಬ ಸರ್ವನಾಮ ಲೆಕ್ಕಹಾಕಿ ಪ್ರಕಾರವನ್ನು ನಿರ್ಧರಿಸುವವರಿಗೆ ಈ ಇಬ್ಬರು ಮೂರ್ತಿರಾಯರು ಸಾಕು.

ಗುರುತು ಸರಿಯಾಗಿ ಹಿಡಿಯದಿದ್ದರೆ ಕೆಲವರು ಪಟ್ಟಿಯಿಂದಲೇ ಬಿಟ್ಟುಹೋಗುತ್ತಾರೆ. 1942ರಲ್ಲಿ ರಾಶಿಯವರು ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆಯಲ್ಲಿ ಟಿ. ಸುನಂದಮ್ಮ ಬರೆದ ಸಂಸಾರದ ಬರಹಗಳನ್ನು ನಗೆಬರಹವೆಂದು ಬದಿಗಿಟ್ಟ ನಾವು, ಅಂಥದೇ ನಗುವನ್ನು ಗಂಡಸರು ಬರೆದಾಗ ಲಲಿತ ಪ್ರಬಂಧ ಎಂದೆವು. ಪತ್ರಿಕೆಯಲ್ಲಿ ಬಂದ ಮೊದಲ ರೂಪಕ್ಕೂ ಪುಸ್ತಕದ ರೂಪಕ್ಕೂ ನಡುವೆ ಕನ್ನಡದ ಪ್ರಬಂಧಕಾರರು ಏನನ್ನು ಅಳಿಸಿದರು, ಏನನ್ನು ಉಳಿಸಿಕೊಂಡರು ಎಂದು ಸಾಲುಸಾಲಾಗಿ ಹೋಲಿಸುವ ಕೆಲಸವನ್ನು ಸುನಂದಮ್ಮನವರಿಂದಲೇ ಶುರುಮಾಡಬಹುದು.