ಹತ್ತಿ ತಿಳಿಯಿತು, ಮನೆ ತಿಳಿಯಲಿಲ್ಲ

ಚೀನಾದಲ್ಲಿ ವ್ಯಾಪಾರ ಮಾಡಲು ಹೋಗುವ ಪರದೇಶದ ಕಂಪನಿಗೆ ಅಲ್ಲಿನವರ ರೀತಿ-ರಿವಾಜು ಹೇಳಿಕೊಡುವ ಪುಸ್ತಕಗಳಿಗೆ ಈಗ ಬರವಿಲ್ಲ. ಬೈಲಹೊಂಗಲದ ಪೇಟೆಯಲ್ಲಿ ನಿಂತು ನೋಡಿದರೆ ಅದೇ ಪ್ರಶ್ನೆ ನಮ್ಮ ಕಡೆಗೆ ತಿರುಗುತ್ತದೆ. ಕಿತ್ತೂರು, ಸವದತ್ತಿ, ರಾಮದುರ್ಗದ ಎರೆಹೊಲಗಳಿಗೆ ಇನ್ನೂರು ವರ್ಷಗಳಿಂದ ಬಂದ ಪರದೇಶದ ಕಂಪನಿಗಳು ನಮ್ಮನ್ನು ಎಷ್ಟು ತಿಳಿದುಕೊಂಡವು?

ಈ ಎರಡು ಕಥೆಗಳಿಗೂ ಹತ್ತಿಯ ನಂಟಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿಯಿಂದ ಹಡಗು ಹತ್ತಿದ ಅರಳೆಯಲ್ಲಿ ದೊಡ್ಡ ಪಾಲು ಹೋಗುತ್ತಿದ್ದದ್ದು ಚೀನಾದ ಕ್ಯಾಂಟನ್ನಿಗೆ. ಚಹಾ ಕೊಳ್ಳಲು ಇಂಗ್ಲಿಷರಿಗೆ ಅಲ್ಲಿ ಮಾರುವ ಸರಕು ಬೇಕಿತ್ತು. ಚೀನಾದವರೋ ಪರದೇಶಿಗಳನ್ನು ಊರ ಹೊರಗಿನ ಕೋಠಿಗಳಲ್ಲಿ ಕೂರಿಸಿ, ಸರಕಾರ ನೇಮಿಸಿದ ವರ್ತಕರೊಂದಿಗೆ ಮಾತ್ರ ವ್ಯವಹರಿಸಲು ಬಿಡುತ್ತಿದ್ದರು. ಭಾಷೆ ಕಲಿಸುವುದೂ ನಿಷಿದ್ಧ. ಚೀನೀ ಭಾಷೆ ಕಲಿತು ನೇರವಾಗಿ ಚಕ್ರವರ್ತಿಗೇ ದೂರು ಕೊಟ್ಟ ಜೇಮ್ಸ್ ಫ್ಲಿಂಟ್ ಎಂಬ ಕಂಪನಿ ನೌಕರ 1759ರಿಂದ ಮೂರು ವರ್ಷ ಮಕಾವಿನಲ್ಲಿ ಸೆರೆಯಲ್ಲಿದ್ದ.

ನಮ್ಮಲ್ಲಿ ಹಾಗೆ ತಡೆದವರಿಲ್ಲ. 1812ರಲ್ಲೇ ಮದರಾಸಿನಲ್ಲಿ ಕಾಲೇಜು ತೆರೆದು ಕಂಪನಿ ತನ್ನ ಎಳೆಯ ಅಧಿಕಾರಿಗಳಿಗೆ ಕನ್ನಡವನ್ನೂ ಕಲಿಸುತ್ತಿತ್ತು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಈ ಸೀಮೆ ಕಂಪನಿಯ ಕೈಗೆ ಬಂದಾಗ ಧಾರವಾಡಕ್ಕೆ ಬಂದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಆ ಮದರಾಸ್ ಸೇವೆಯವನೇ. ಕಾದಂಬರಿಕಾರ ಥ್ಯಾಕರೆಗೆ ಚಿಕ್ಕಪ್ಪ. ಕಲಿಯುವ ಬಾಗಿಲು ತೆರೆದೇ ಇತ್ತು, ಎಡವಿದ್ದು ಹೊಸ್ತಿಲಲ್ಲಿ.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುಂಚೆ ಮಾಸ್ತಮರಡಿ ಗೌಡರ ಮಗನನ್ನು ದತ್ತಕ ತೆಗೆದುಕೊಂಡಿದ್ದ. ದೇಸಗತಿ ಮನೆಗಳಲ್ಲಿ ಇದೇನು ಹೊಸದಲ್ಲ; ದೀಪ ಆರಬಾರದೆಂದು ಎಲ್ಲರೂ ಮಾಡುತ್ತಿದ್ದದ್ದೇ. ಥ್ಯಾಕರೆಗೆ ಅದು ಅನುಮಾನದ ಕಾಗದವಾಗಿ ಕಂಡಿತು. ಖಜಾನೆಗೆ ಮುದ್ರೆ ಒತ್ತಿಸಿದ, ಕಾವಲು ಹಾಕಿದ. ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ನಡೆದ ಕಾಳಗದಲ್ಲಿ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಕಿತ್ತೂರಿನ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ಕಣ್ಣು ಮುಚ್ಚಿದಳು.

ಕಂಪನಿಗೆ ನಮ್ಮ ಪದ್ಧತಿ ತಿಳಿದಿರಲಿಲ್ಲ ಎಂದು ಬರೆಯುವವರಿದ್ದಾರೆ. ನನಗೆ ಅದು ಅರ್ಧ ಮಾತೆನಿಸುತ್ತದೆ. ತಿಳಿಯದೆ ಇರುವುದು ಲಾಭವಾದಾಗ ತಿಳಿಯಲು ಯಾರಿಗೆ ಆತುರ? ಮೂವತ್ನಾಲ್ಕು ವರ್ಷಗಳ ಮೇಲೆ ನರಗುಂದದ ಸಂಸ್ಥಾನಿಕ ಬಾಬಾಸಾಹೇಬನಿಗೂ ದತ್ತಕದ ಅನುಮತಿ ಸಿಗಲಿಲ್ಲ. 1858ರ ಮೇ ತಿಂಗಳಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಅವನ ಕಡೆಯವರ ಕೈಯಲ್ಲಿ ಸತ್ತದ್ದು ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ. ಅದೇ ತಪ್ಪು, ಒಂದು ದಿನದ ಹಾದಿಯಷ್ಟೇ ಅಂತರ. ಆಮೇಲೆ, ಕಂಪನಿ ಹೋಗಿ ರಾಣಿಯ ಸರಕಾರ ಬಂದು, 1862ರ ಹೊತ್ತಿಗೆ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಕೊಡಲಾಯಿತು. ರಾಮದುರ್ಗದ ಭಾವೆಯವರಿಗೂ ಅಂಥ ಸನದು ಇತ್ತು.

ನಿಜವಾಗಿ ಕಲಿತವರು ಬೇರೆ. ಕಿತ್ತೂರಿನಲ್ಲಿ ಥ್ಯಾಕರೆ ಸತ್ತ ದಿನ ಸೆರೆ ಸಿಕ್ಕ ಇಬ್ಬರಲ್ಲಿ ಒಬ್ಬ ವಾಲ್ಟರ್ ಎಲಿಯಟ್, ಇಪ್ಪತ್ತೊಂದರ ಹುಡುಗ. ಡಿಸೆಂಬರಿನಲ್ಲಿ ಬಿಡುಗಡೆಯಾಗಿ ಹೊರಬಂದವ ಕನ್ನಡ ನಾಡಿನ 595 ಶಾಸನಗಳ ನಕಲು ಕೂಡಿಸಿದ. ಅವನ ಹಾದಿಯಲ್ಲಿ ಬಂದ ಜೆ. ಎಫ್. ಫ್ಲೀಟ್ ಸವದತ್ತಿಯ ರಟ್ಟರ ಶಾಸನಗಳನ್ನು ಅಚ್ಚು ಮಾಡಿಸಿದ. ಅಷ್ಟಕ್ಕೆ ನಿಲ್ಲದೆ 1880ರ ದಶಕದಲ್ಲಿ ನಮ್ಮ ಲಾವಣಿಗಳನ್ನೂ ಬರೆದುಕೊಂಡ. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನದಿದೆ, ಬೈಲವಾಡದ ಸಂಗ್ಯಾನದಿದೆ, ಇನ್ಕಂ ಟ್ಯಾಕ್ಸಿನ ಕಾಟದ್ದೂ ಇದೆ. ತನ್ನದೇ ಸರಕಾರ ಗಲ್ಲಿಗೇರಿಸಿದ ರಾಯಣ್ಣನ ಹಾಡನ್ನು, ತನ್ನದೇ ಸರಕಾರದ ತೆರಿಗೆಯನ್ನು ಬೈಯುವ ಹಾಡನ್ನು ಕೂತು ಬರೆದುಕೊಂಡ ಅಧಿಕಾರಿ! ಆದರೆ ಈ ವಿದ್ಯೆ ವ್ಯಾಪಾರದ ಕಡೆ ಹರಿಯಲಿಲ್ಲ.

ವ್ಯಾಪಾರದವರ ಕಲಿಕೆ ಬೀಜದಿಂದ ಶುರುವಾಯಿತು. 1840ರಲ್ಲಿ ಕಂಪನಿ ಅಮೆರಿಕದಿಂದ ಹತ್ತು ಜನ ಹತ್ತಿ ಬೆಳೆಗಾರರನ್ನು ಕರೆಸಿತು. ಅವರಲ್ಲಿ ಮರ್ಸರ್ ಧಾರವಾಡ ಸೀಮೆಗೆ ಬಂದು ಕುಸುಗಲ್ಲಿನಲ್ಲಿ ಪ್ರಯೋಗ ಮಾಡಿದ. ನ್ಯೂ ಆರ್ಲಿಯನ್ಸ್ ಬೀಜ ಭಾರತದ ಬಹುಪಾಲು ಕಡೆ ಸೋತರೂ ಇಲ್ಲಿನ ಎರೆಯಲ್ಲಿ ಬೇರು ಬಿಟ್ಟು ‘ಧಾರವಾಡ ಅಮೆರಿಕನ್’ ಎನಿಸಿಕೊಂಡಿತು. ಗರಗಸದ ಹಲ್ಲಿನ ಜಿನ್ನು ಆ ಹತ್ತಿಗೆ ಸರಿಹೋಯಿತು, ಕುಮಟಾ ಬಂದರಿನ ಹೆಸರು ಹೊತ್ತ ನಮ್ಮ ಜವಾರಿ ಹತ್ತಿಯ ಎಳೆಯನ್ನು ಮಾತ್ರ ತುಂಡರಿಸಿತು. ಅದಕ್ಕೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಬೀಜ ಬಿಡಿಸುವ ಹೆಂಗಸರ ಕೈಗುಣವೇ ಬೇಕಿತ್ತು.

ಮಣ್ಣು, ಬೀಜ, ಯಂತ್ರ ತಿಳಿದವು. ಪೇಟೆ ತಿಳಿಯಲಿಲ್ಲ. ರೈತನಿಂದ ನೇರ ಕೊಂಡರೆ ಒಳ್ಳೆಯ ಹತ್ತಿ ಸಿಗುತ್ತದೆಂದು ಸಾಹೇಬರು ಹೊರಟರೆ, ಆ ಹತ್ತಿ ಕಾಯಿ ಒಡೆಯುವ ಮುಂಚೆಯೇ ಸಾವಕಾರನ ಮುಂಗಡಕ್ಕೆ ಸಂದಿರುತ್ತಿತ್ತು. ಸಾವಕಾರ ಬರೀ ಬಡ್ಡಿಯವನಲ್ಲ, ಮದುವೆಗೂ ಬರಕ್ಕೂ ಆಗುವವನು. ಹೆಚ್ಚು ದರ ಕೊಡುವ ಹೊಸಬನಿಗಾಗಿ ಅವನನ್ನು ಬಿಡುವುದುಂಟೆ? ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ದರ ಮುಗಿಲಿಗೇರಿ, ಅಂಡಿಗೆಗಳಲ್ಲಿ ಎರಡು ಜಾತಿಯ ಹತ್ತಿಯ ಬೆರಕೆ, ಕಸ, ನೀರು ಎಲ್ಲ ತುಂಬಿದವು. 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸ ತಡೆಯುವ ಕಾಯ್ದೆಯನ್ನೇ ತಂದಿತು. ಕೆಟ್ಟ ಹತ್ತಿಗೂ ಒಳ್ಳೆಯದಕ್ಕೂ ಒಂದೇ ದರವಿದ್ದಲ್ಲಿ ಕಾಯ್ದೆ ಎಷ್ಟು ಮಾಡೀತು?

ಮುಂದೆ ಬಂದ ರ್‍ಯಾಲಿ, ಸ್ವಿಟ್ಜರ್ಲೆಂಡಿನ ವೋಲ್ಕಾರ್ಟ್, ಜಪಾನಿನ ಟೋಯೋ ಮೆಂಕಾದಂಥ ಕಂಪನಿಗಳು ಜಾಣತನ ತೋರಿದವು. ತಾವು ಕಲಿಯುವ ಬದಲು ಬಲ್ಲವನನ್ನು ಹಿಡಿದವು. ಮುಂಬಯಿಯಲ್ಲಿ ಜಾಮೀನು ನಿಲ್ಲುವ ದಲಾಲ, ಒಳನಾಡಿನಲ್ಲಿ ಅಡತಿ ಅಂಗಡಿ. ಚೀನಾದಲ್ಲಿ ಇಂಥವನನ್ನು ‘ಕಾಂಪ್ರಡೋರ್’ ಎನ್ನುತ್ತಿದ್ದರು. ಇಲ್ಲಿನ ಹತ್ತಿಪೇಟೆಯ ಗುಟ್ಟು ಟವಲಿನ ಕೆಳಗಿತ್ತು. ದಲಾಲನೂ ಖರೀದಿದಾರನೂ ಬಟ್ಟೆಯ ಮರೆಯಲ್ಲಿ ಕೈ ಹಿಡಿದು ಬೆರಳೊತ್ತಿ ದರ ಕುದುರಿಸುವರು. ಪಕ್ಕದಲ್ಲೇ ನಿಂತ ರೈತನಿಗೆ ತನ್ನ ಹತ್ತಿಯ ದರ ಕೊನೆಗೆ ತಿಳಿಯುತ್ತಿತ್ತು. ಸಾಹೇಬನಿಗೂ ಅಷ್ಟೇ! ಇದಕ್ಕೆ ಉತ್ತರ ಊರಿನವರಿಂದಲೇ ಬಂತು: ಹುಬ್ಬಳ್ಳಿಯಲ್ಲಿ 1915ರಲ್ಲಿ, ಗದಗಿನಲ್ಲಿ 1917ರಲ್ಲಿ ರೈತರ ಹತ್ತಿ ಮಾರಾಟ ಸಂಘಗಳು ಹುಟ್ಟಿದವು. ಆಮೇಲೆ 1927ರ ಹತ್ತಿ ಮಾರುಕಟ್ಟೆ ಕಾಯ್ದೆ, 1939ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂದು, ಲಿಲಾವಿನ ಕೂಗು ಟವಲನ್ನು ಸರಿಸಿತು.

ಸ್ವಾತಂತ್ರ್ಯದ ನಂತರದ ಕಥೆ ಬೇಗ ಹೇಳಬಹುದು. ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿ 1972ರಲ್ಲಿ ವರಲಕ್ಷ್ಮಿ ಎಂಬ ಸಂಕರ ಹತ್ತಿಯನ್ನೂ 1981ರಲ್ಲಿ ಡಿಸಿಎಚ್-32 ಅನ್ನೂ ಕೊಟ್ಟರು. ಪರದೇಶದ ಕಂಪನಿ ಮತ್ತೆ ಬಂದದ್ದು ಬೀಜದ ಮೂಲಕ. ಮಾನ್ಸಾಂಟೊದ ಪ್ರಯೋಗದ ಹೊಲಗಳಿಗೆ 1998ರಲ್ಲಿ ರೈತಸಂಘದವರು ಬೆಂಕಿ ಹಚ್ಚಿದರು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ರೈತರೇ ಸಾಲುಗಟ್ಟಿ ಕೊಂಡರು. ಈ ಸಲ ಕಂಪನಿ ಭಾರತೀಯ ಪಾಲುದಾರನ ಕೈ ಹಿಡಿದು, ಊರ ಬೀಜದಂಗಡಿಯ ಉದ್ರಿಯ ಹಾದಿಯಲ್ಲೇ ಬಂತು. ಸಾವಕಾರನ ಜಾಗದಲ್ಲಿ ಅಂಗಡಿ ಕೂತಿತ್ತು, ಅಷ್ಟೇ ವ್ಯತ್ಯಾಸ.

ಈಗ ಸವದತ್ತಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಹೊರಗಿನಿಂದ ಬಂದವರು ಗಾಳಿಯ ವೇಗವನ್ನು ವರ್ಷಗಟ್ಟಲೆ ಅಳೆಯುತ್ತಾರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಚಕ್ಕಡಿ, ಟ್ರ್ಯಾಕ್ಟರುಗಳ ಸಾಲು ಎಷ್ಟುದ್ದ ನಿಲ್ಲುತ್ತದೆಂಬುದನ್ನೂ ಅಳೆಯುವುದು ಒಳ್ಳೆಯದು.

ಈ ಚರಿತ್ರೆಯಲ್ಲಿ ಒಂದು ಕೊರತೆಯಿದೆ. ಈಸ್ಟ್ ಇಂಡಿಯಾ ಕಂಪನಿಯ ಕಾಗದಗಳು ಲಂಡನ್ನಿನಲ್ಲಿವೆ, ವೋಲ್ಕಾರ್ಟರ ಕಡತಗಳು ವಿಂಟರ್‌ಥೂರಿನಲ್ಲಿವೆ. ಆ ಕಂಪನಿಗಳನ್ನು ನಮ್ಮವರು ಹೇಗೆ ತಿಳಿದುಕೊಂಡರು ಎಂಬ ಲೆಕ್ಕ ಇರುವುದು ದೀಪಾವಳಿಯ ಪಾಡ್ಯಕ್ಕೆ ಪೂಜೆಗೊಂಡ ಕೆಂಪು ಖಾತೆಪುಸ್ತಕಗಳಲ್ಲಿ. ಬೈಲಹೊಂಗಲದ, ಸವದತ್ತಿಯ, ರಾಮದುರ್ಗದ ಹಳೆಯ ಅಡತಿ ಮನೆಗಳ ಅಟ್ಟದ ಮೇಲೆ ಅಂಥ ಗಂಟಿದ್ದರೆ ರದ್ದಿಗೆ ಹಾಕಬೇಡಿ. ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಗೆ ಒಂದು ಮಾತು ತಿಳಿಸಿ.