ಮೇಜಿನ ಮೇಲಿನ 17: ಹೊಗಾರ್ತ್ ಕಂಡ ಜಾನ್ ವಿಲ್ಕ್ಸ್

ವಿಲಿಯಂ ಹೊಗಾರ್ತ್ 1763ರ ಮೇ 16ರಂದು ಹೊರತಂದ ಜಾನ್ ವಿಲ್ಕ್ಸ್‌ನ ಅಚ್ಚುಚಿತ್ರವನ್ನು ರಾಜಪಕ್ಷದ ಕ್ಯಾರಿಕೇಚರ್ ಎಂದು ಕರೆದು ಕೈತೊಳೆದುಕೊಳ್ಳುವ ರೂಢಿ ಇನ್ನೂ ಹೋಗಿಲ್ಲ. ಹಾಗೆ ಬರೆದವರು ಚಿತ್ರದ ಮೆಳ್ಳೆಗಣ್ಣನ್ನು ನೋಡಿದರು, ಪಕ್ಕದ ಮೇಜನ್ನು ನೋಡಲಿಲ್ಲ.

ಮೆಳ್ಳೆಗಣ್ಣು ವಿಲ್ಕ್ಸ್‌ಗೆ ಇದ್ದದ್ದೇ. ವಿಗ್ಗಿನ ಎರಡು ಸುರುಳಿಗಳು ಕೊಂಬಿನಂತೆ ಎದ್ದಿರುವುದರಲ್ಲಿ, ತುಟಿಯಂಚಿನ ಕೊಂಕುನಗೆಯಲ್ಲಿ ಹೊಗಾರ್ತ್ ಬೇಕೆಂದೇ ಚುಚ್ಚಿದ್ದಾನೆ, ಒಪ್ಪೋಣ. ಆದರೆ ವೆಸ್ಟ್‌ಮಿನ್‌ಸ್ಟರ್ ಹಾಲ್‌ನ ಕೋರ್ಟಿನಲ್ಲಿ ಕೂತು ಗೀಚಿಕೊಂಡ ಮುಖ ಇದು. ಎದುರಿಗೆ ಕಂಡದ್ದನ್ನೇ ಬಿಡಿಸಿದ್ದೆಂದು ಚಿತ್ರದ ಕೆಳಗೆ ಕೆತ್ತಿಯೂ ಇದ್ದಾನೆ. ಕ್ಯಾರಿಕೇಚರಿಗೂ ವ್ಯಕ್ತಿಚಿತ್ರಣಕ್ಕೂ ಇರುವ ಅಂತರ ತೋರಿಸಲೆಂದೇ 1743ರಲ್ಲಿ ಒಂದು ಅಚ್ಚುಚಿತ್ರ ಮಾಡಿದವನ ಮೇಲೆ ಅದೇ ಹಣೆಪಟ್ಟಿ ಅಂಟಿಸುವವರು ಆ ಚಿತ್ರವನ್ನಾದರೂ ಒಮ್ಮೆ ನೋಡಬೇಕಿತ್ತು.

ಈಗ ಮೇಜಿಗೆ ಬರೋಣ. ಮಸಿಕುಡಿಕೆಯ ಜೊತೆ ವಿಲ್ಕ್ಸ್‌ನ 'ನಾರ್ತ್ ಬ್ರಿಟನ್' ಪತ್ರಿಕೆಯ ಎರಡು ಸಂಚಿಕೆಗಳಿವೆ: 45 ಮತ್ತು 17. ಮೂರನೆಯ ಜಾರ್ಜನ ಭಾಷಣವನ್ನು ಜಾಲಾಡಿದ 45ನೆಯದು ಅಲ್ಲಿರುವುದು ಸಹಜ. ವಿಲ್ಕ್ಸ್‌ನನ್ನು ಟವರ್ ಸೆರೆಗೆ ತಳ್ಳಿದ್ದೇ ಅದು. 17 ಏಕೆ? ಪತ್ರಿಕೆಯ ಗುರುತಿಗೆಂದು ಯಾವುದೋ ಒಂದನ್ನು ಇಟ್ಟಿದ್ದಾನೆ ಎಂಬ ವಾದ ನಿಲ್ಲುವುದಿಲ್ಲ. ಗುರುತಿಗೆ 45 ಒಂದೇ ಸಾಕಿತ್ತು. ಸರ್ಕಾರದ ವಾರಂಟಿನಲ್ಲಿ ಹೆಸರಿಸಿದ್ದೂ ಅದೊಂದನ್ನೇ. 17ನೆಯ ಸಂಚಿಕೆಯ ಮೇಲೆ ದೂರಿದ್ದದ್ದು ಹೊಗಾರ್ತ್‌ಗೆ ಮಾತ್ರ. 1762ರ ಸೆಪ್ಟೆಂಬರ್ 25ರ ಆ ಸಂಚಿಕೆ ಅವನ ಆಸ್ಥಾನದ ಹುದ್ದೆಯನ್ನು ಗೋಡೆಗೆ ಬಣ್ಣ ಬಳಿಯುವ ಕೆಲಸವೆಂದು ಹೀಯಾಳಿಸಿತ್ತು, ಹೆಂಡತಿಯನ್ನೂ ಎಳೆದು ತಂದಿತ್ತು. ಅಂದರೆ ಮೇಜಿನ ಮೇಲಿರುವುದು ಎರಡು ಆರೋಪಪಟ್ಟಿ, ಒಂದು ದೊರೆಯದು, ಇನ್ನೊಂದು ಚಿತ್ರಕಾರನದು. (ರಾಜದ್ರೋಹಕ್ಕೆ ತಲೆಕೊಟ್ಟ ಲಾರ್ಡ್ ಲೋವಟ್‌ನ 1746ರ ಚಿತ್ರಕ್ಕೆ ಇದನ್ನು ಎದುರುಜೋಡಿಯಾಗಿ ಮಾರಿದ್ದನ್ನೇ ರಾಜನಿಷ್ಠೆಗೆ ಪುರಾವೆಯಾಗಿ ತೋರಿಸುವವರಿದ್ದಾರೆ. ಒಂದು ಷಿಲಿಂಗಿನ ಸರಕಿಗೆ ಗಿರಾಕಿ ಹುಡುಕುವ ಉಪಾಯವೂ ಅದಾಗಿರಬಹುದೆಂದು ಅವರಿಗೆ ಹೊಳೆದಂತಿಲ್ಲ.)

ಕೆಲವೇ ವಾರಗಳಲ್ಲಿ ಸುಮಾರು 4000 ಪ್ರತಿ ಹೋದವೆಂದು ಜಾನ್ ನಿಕೋಲ್ಸ್ ಬರೆದಿಟ್ಟಿದ್ದಾನೆ. ಕೊಂಡವರೆಲ್ಲ ವಿಲ್ಕ್ಸ್ ದ್ವೇಷಿಗಳೆಂದು ನಾನಂತೂ ನಂಬಲಾರೆ. ಕೋಲಿನ ತುದಿಯ ಸ್ವಾತಂತ್ರ್ಯದ ಟೋಪಿ ಬೋರಲು ಹಾಕಿದ ಪಾತ್ರೆಯಂತೆ ಕಂಡರೂ ಅದರ ಮೇಲಿನ ಅಕ್ಷರಗಳನ್ನು ಅಭಿಮಾನಿ ತನ್ನ ಮನಸ್ಸಿಗೆ ಬಂದಂತೆ ಓದಿಕೊಳ್ಳಬಹುದಿತ್ತು. ದಿನದಿನಕ್ಕೆ ತಾನು ಆ ಚಿತ್ರದಂತೆಯೇ ಆಗುತ್ತಿದ್ದೇನೆಂದು ವಿಲ್ಕ್ಸ್‌ನೇ ನಗುತ್ತಿದ್ದನಂತೆ.

ಇದು ಸ್ವಂತ ಜಗಳವೆಂಬುದಕ್ಕೆ ಇನ್ನೂ ಸಾಕ್ಷಿ ಬೇಕೆನ್ನುವವರು ಅದೇ ವರ್ಷದ ಆಗಸ್ಟಿಗೆ ಬರಲಿ. ವಿಲ್ಕ್ಸ್‌ನ ಗೆಳೆಯ, ಕವಿ ಚಾರ್ಲ್ಸ್ ಚರ್ಚಿಲ್ ಪದ್ಯದಲ್ಲಿ ಬೈದಾಗ ಹೊಗಾರ್ತ್ ತನ್ನದೇ ಚಿತ್ರವಿದ್ದ ಹಳೆಯ ತಾಮ್ರದ ತಗಡನ್ನು ತೆಗೆದು, ತನ್ನ ಮುಖವನ್ನು ಉಜ್ಜಿ ಅಳಿಸಿ, ಅಲ್ಲಿ ಚರ್ಚಿಲ್‌ನನ್ನು ಕರಡಿಯಾಗಿ ಕೆತ್ತಿದ. ತನ್ನ ನಾಯಿಯನ್ನು ಮಾತ್ರ ಉಳಿಸಿಕೊಂಡ. ಅದು ಆ ಪದ್ಯದ ಮೇಲೆ ಉಚ್ಚೆ ಹೊಯ್ಯುತ್ತಿದೆ.