‘ಮದ್ದು’ ಎಂಬ ಮಾತು: ಮನೋರೋಗದ ತುರ್ತು ಆರೈಕೆಯಲ್ಲಿ ಜತೆಗಿರುವವರ ಪರಿಣತಿ

ಕರಾವಳಿಯ ಕನ್ನಡದಲ್ಲಿ ‘ಮದ್ದು’ ಎಂದರೆ ಔಷಧ. ‘ಮದ್ದು ಹಾಕಿದ್ದಾರೆ’ ಎಂದರೆ ಉಣ್ಣುವ ಅನ್ನಕ್ಕೆ ಕೈವಿಷ ಬೆರೆಸಿದ್ದಾರೆ ಎಂದು. ತುಳುವಿನ ‘ಮರ್ದ್’ಗೂ ಇವೇ ಎರಡು ಮುಖ. ಪೊಳಲಿಯ ಆಸುಪಾಸಿನ ಮನೆಯೊಂದರಲ್ಲಿ ಹರೆಯದ ಹುಡುಗನೊಬ್ಬ ನಾಲ್ಕು ರಾತ್ರಿ ನಿದ್ದೆಗೆಟ್ಟು, ತಾಯಿ ಬಡಿಸಿದ್ದರಲ್ಲಿ ಮದ್ದಿದೆ ಎಂದು ಬಟ್ಟಲು ದೂಡಿದನೆಂದು ಇಟ್ಟುಕೊಳ್ಳೋಣ. ಅವನನ್ನು ಹೇಗೋ ಒಪ್ಪಿಸಿ ವಾರ್ಡಿಗೆ ಕರೆತಂದಾಗ ಅವನ ಕಿವಿಗೆ ಬೀಳುವ ಮೊದಲ ಮಾತು: “ಮದ್ದು ತೆಕ್ಕೊಳ್ಳಿ.” ಹೇಳಿದವರು ಒಂದನ್ನು ಹೇಳಿದರು, ಕೇಳಿದವನು ಇನ್ನೊಂದನ್ನು ಕೇಳಿಸಿಕೊಂಡ. ತುರ್ತು ಆರೈಕೆಯ ಬಹುಪಾಲು ಕೆಲಸ ಈ ಎರಡರ ನಡುವೆಯೇ ನಡೆಯುತ್ತದೆ. ಆ ಕೆಲಸ ಮಾಡುವವರಿಗೆ ನಮ್ಮಲ್ಲಿ ಸರಿಯಾದ ಹೆಸರೂ ಇಲ್ಲ, ತರಬೇತಿಯೂ ಇಲ್ಲ ಎಂಬುದು ಈ ಲೇಖನದ ವಾದ.

ಅಮೆರಿಕದ ತುರ್ತು ವಸತಿ ಕೇಂದ್ರಗಳಲ್ಲಿ ‘ಬಿಹೇವಿಯರಲ್ ಹೆಲ್ತ್ ಸ್ಪೆಷಲಿಸ್ಟ್’ ಎಂಬ ಹುದ್ದೆಯಿದೆ. ಪಾಳಿಯುದ್ದಕ್ಕೂ ರೋಗಿಗಳ ಜತೆಗಿದ್ದು ಉಣ್ಣಿಸುವುದು, ಮಾತಾಡಿಸುವುದು, ಉದ್ರೇಕ ಏರುವ ಮೊದಲೇ ಗುರುತಿಸಿ ಇಳಿಸುವುದು ಅವರ ಹೊಣೆ. ನಮ್ಮಲ್ಲಿ ಇದೇ ಕೆಲಸ ನರ್ಸ್, ಆಯಾ, ಅಟೆಂಡರ್, ವಾಚ್‌ಮನ್ ನಡುವೆ ಹಂಚಿ ಹೋಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 55ನೇ ಕಲಮು ರಾಜ್ಯ ಪ್ರಾಧಿಕಾರದಲ್ಲಿ ನೋಂದಾಯಿಸಬೇಕಾದವರೆಂದು ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನು, ಮಾನಸಿಕ ಆರೋಗ್ಯ ದಾದಿಯರನ್ನು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಹೆಸರಿಸುತ್ತದೆ. ರಾತ್ರಿ ಎರಡಕ್ಕೆ ರೋಗಿಯ ಪಕ್ಕ ಕೂತ ಅಟೆಂಡರ್ ಆ ಪಟ್ಟಿಯಲ್ಲಿಲ್ಲ.

ತುಳುವಿನಲ್ಲಿ ಪುರಲ್ ಎನಿಸಿಕೊಂಡ ಪೊಳಲಿ ಬಂಟ್ವಾಳ ತಾಲೂಕಿನಲ್ಲಿ, ಫಲ್ಗುಣಿ ನದಿಯ ದಂಡೆಯಲ್ಲಿದೆ. ರಾಜರಾಜೇಶ್ವರಿಯ ಮಣ್ಣಿನ ಮೂರ್ತಿಗೂ ತಿಂಗಳುದ್ದದ ಜಾತ್ರೆಗೂ ಅದರ ಚೆಂಡಾಟಕ್ಕೂ ಹೆಸರಾದ ಊರು. ಮನೆಮಾತು ತುಳು, ಬ್ಯಾರಿ, ಕೊಂಕಣಿ. ಶಾಲೆ, ಕಚೇರಿ, ಆಸ್ಪತ್ರೆಗಳದು ಕನ್ನಡ. ಮನಸ್ಸು ಕದಡಿದಾಗ ಬಾಯಿಗೆ ಬರುವುದು ಮನೆಮಾತು. ‘ಮಂಡೆಬೆಚ್ಚ’ ಎಂದವರು ಚಿಂತೆಯನ್ನು ಹೇಳುತ್ತಿರಬಹುದು, ನಿದ್ದೆಗೇಡನ್ನೂ ಹೇಳುತ್ತಿರಬಹುದು. ‘ಸೋಂಕು’ ಎಂದವರು ಜ್ವರದ ಮಾತಾಡುತ್ತಿಲ್ಲ, ದೆವ್ವ ಮೆಟ್ಟಿದ ಮಾತಾಡುತ್ತಿದ್ದಾರೆ. ಇಂಥ ರಾತ್ರಿಗಳಲ್ಲಿ ಇಲ್ಲಿನ ವಾಹನಗಳು ಮುಖ ಮಾಡುವುದು ಮಂಗಳೂರಿಗೆ, ಅಂದರೆ 1848ರಿಂದ ಇರುವ ವೆನ್ಲಾಕ್‌ಗೋ ಖಾಸಗಿ ಆಸ್ಪತ್ರೆಗೋ. ದೂರ ದೊಡ್ಡದಲ್ಲ. ಆದರೆ ಮನೆಗೂ ವಾರ್ಡಿಗೂ ನಡುವೆ, ನಾಲ್ಕು ದಿನ ನಿಂತು ಸುಧಾರಿಸಿಕೊಳ್ಳಬಹುದಾದ ಮೆಟ್ಟಿಲೊಂದು ಬೇಕು.

ಈ ನೆಲದ ಮನೋವೈದ್ಯಕೀಯಕ್ಕೆ ದೊಡ್ಡ ಅಧ್ಯಯನವೊಂದು ಹಿಂದೆಯೇ ದೊರೆತಿದೆ. ಮನೋವೈದ್ಯರಾದ ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಆಗಿನ ಅವಿಭಜಿತ ದಕ್ಷಿಣ ಕನ್ನಡದ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗೇರ ಸಮುದಾಯಗಳ ನಡುವೆ ನಡೆಸಿದ ಸಮೀಕ್ಷೆ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಗ್ರಂಥವಾಗಿ 1976ರಲ್ಲಿ ಹೊರಬಂತು. ಕಷ್ಟ ಬಂದಾಗ ಜನ ನಾಟಿ ವೈದ್ಯರು, ಮಂತ್ರವಾದಿಗಳು, ಮೈಮೇಲೆ ದೈವ ಬರುವ ಪಾತ್ರಿಗಳ ಬಳಿಗೂ ಹೋಗುತ್ತಾರೆ, ಡಾಕ್ಟರ ಬಳಿಗೂ ಹೋಗುತ್ತಾರೆ; ಅವರಿಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಈ ತಿಳಿವು ಸಂಶೋಧಕರ ಉಲ್ಲೇಖಗಳಲ್ಲಿ ಉಳಿಯಿತು. ಅದು ರಾತ್ರಿಪಾಳಿಯವರ ಕೈಗೆ ತಲುಪುವುದು ಹೆಚ್ಚು ಅಗತ್ಯವಾಗಿತ್ತು. ಕೈವಿಷದ ಭಯದಲ್ಲಿರುವವನಿಗೆ “ಅದೆಲ್ಲ ಸುಳ್ಳು” ಎಂದರೆ ಅವನ ಶತ್ರುಗಳ ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತದೆ. “ಹೌದು, ಹಾಕಿದ್ದಾರೆ” ಎಂದರೆ ಅದು ಮೋಸ.

ಹಾಗಾದರೆ ಏನು ಮಾಡುವುದು? ಬಲ್ಲ ಕಾರ್ಯಕರ್ತರು ವಾದಕ್ಕೆ ಇಳಿಯುವುದಿಲ್ಲ. ಕುಚ್ಚಲಕ್ಕಿ ಗಂಜಿಯ ಪಾತ್ರೆಯನ್ನೇ ಎದುರು ತಂದಿಟ್ಟು ಅದರಿಂದಲೇ ಎರಡು ಬಟ್ಟಲಿಗೆ ಬಡಿಸುತ್ತಾರೆ. ಯಾವ ಬಟ್ಟಲು ಬೇಕೆಂದು ಅವನೇ ಆರಿಸಲಿ ಎಂದು ಬಿಡುತ್ತಾರೆ. ಎದುರುಬದುರು ಕೂರದೆ ತುಸು ಓರೆಯಾಗಿ, ಕೈಗೆಟುಕದಷ್ಟು ದೂರದಲ್ಲಿ, ಅವನಿಗೂ ಬಾಗಿಲಿಗೂ ನಡುವೆ ಅಡ್ಡ ಬಾರದಂತೆ ಕೂರುತ್ತಾರೆ. ತಾವು ಉಣ್ಣತೊಡಗುತ್ತಾರೆ. ಮಾತು ಕಡಿಮೆ, ದನಿ ತಗ್ಗು. ಅವನು ಮೊದಲ ಗುಟುಕು ಕುಡಿಯಲು ಅರ್ಧ ಗಂಟೆ ಹಿಡಿದರೆ ಆ ಅರ್ಧ ಗಂಟೆಯೇ ಚಿಕಿತ್ಸೆ. ಹೊರಗಿನಿಂದ ನೋಡಿದವರಿಗೆ ಇಬ್ಬರು ಗಂಜಿ ಕುಡಿಯುತ್ತಿದ್ದಾರೆ ಅಷ್ಟೆ.

ಜತೆಗಿರುವುದೇ ಚಿಕಿತ್ಸೆ ಎಂಬ ಅರಿವು ಹೊಸದಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ ಮನೆಯವರನ್ನು ರೋಗಿಯೊಡನೆ ಉಳಿಸಿಕೊಂಡರು. 1971ರಲ್ಲಿ ಮನೋವೈದ್ಯ ಲೊರೆನ್ ಮೋಶರ್ ಕ್ಯಾಲಿಫೋರ್ನಿಯದಲ್ಲಿ ತೆರೆದ ‘ಸೊಟೀರಿಯ’ ಮನೆಯಲ್ಲಿ ವೃತ್ತಿಪರರಲ್ಲದ ಸಹವಾಸಿಗಳೇ ಆರೈಕೆಯ ಬೆನ್ನೆಲುಬು. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ರೂಪಿಸಿದ ಜಿಲ್ಲಾ ಮಾದರಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರನ್ನೂ ತರಬೇತುಗೊಳಿಸಬಹುದೆಂದು ತೋರಿತು. ಆದರೆ ಅದು ಹಗಲಿನ ಕ್ಲಿನಿಕ್ಕಿನ ತರಬೇತಿ.

ನೆರೆಯ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಿಂದ ಬೆಳೆದ ಮದ್ಯವರ್ಜನ ಶಿಬಿರಗಳನ್ನು ಇಲ್ಲಿ ನೆನೆಯಬೇಕು. ಊರವರೇ ಅಡುಗೆ, ಕಾವಲು, ಉಪಚಾರ ವಹಿಸಿಕೊಂಡು ಕುಡಿತ ಬಿಡುವವರ ಜತೆ ದಿನಗಟ್ಟಲೆ ಇರುತ್ತಾರೆ. ಮರಳಿದವರಿಗೆ ನವಜೀವನ ಸಮಿತಿಗಳಿವೆ. ಕುಡಿತ ನಿಂತ ಮೊದಲ ಎರಡು ಮೂರು ದಿನಗಳಲ್ಲಿ ಕಾಣುವ ನಡುಕ, ಭ್ರಮೆಗಳು ಜೀವಕ್ಕೇ ಅಪಾಯವಾಗಬಲ್ಲವು, ಅಲ್ಲಿ ವೈದ್ಯರಿಲ್ಲದೆ ಆಗದು. ಭಜನೆ, ಸಾಮೂಹಿಕ ಶಿಸ್ತುಗಳು ಸಂಶಯಪೀಡಿತ ಮನಸ್ಸಿಗೆ ಒಗ್ಗುವುದಿಲ್ಲ. ಅದಕ್ಕೆ ಗುಂಪೇ ಹೆದರಿಕೆ. ಹಾಗಾಗಿ ಶಿಬಿರವನ್ನು ಹಾಗೆಯೇ ನಕಲು ಮಾಡಬೇಕೆಂದು ನಾನು ಹೇಳುತ್ತಿಲ್ಲ. ಊರವರು ರಾತ್ರಿ ಎಚ್ಚರವಿದ್ದು ನೋಡಿಕೊಳ್ಳಬಲ್ಲರು ಎಂಬುದಕ್ಕೆ ಅದು ಪುರಾವೆ.

ಇನ್ನು ಬಲಪ್ರಯೋಗ. ತಮಿಳುನಾಡಿನ ಏರ್ವಾಡಿಯ ಮನೋರೋಗಿಗಳ ವಸತಿಯೊಂದರಲ್ಲಿ 2001ರ ಆಗಸ್ಟ್ 6ರ ಬೆಂಕಿಯಲ್ಲಿ ಸರಪಳಿಯಲ್ಲಿದ್ದ 28 ಮಂದಿ ಸತ್ತರು. ಈಗಿನ ಕಾಯ್ದೆ ಸರಪಳಿಯನ್ನೂ ಒಂಟಿ ಕೋಣೆಯಲ್ಲಿ ಕೂಡಿಹಾಕುವುದನ್ನೂ ನಿಷೇಧಿಸಿದೆ, ಕಡ್ಡಾಯವಾಗಿ ತಲೆ ಬೋಳಿಸುವುದನ್ನೂ. 97ನೇ ಕಲಮಿನ ಪ್ರಕಾರ ದೈಹಿಕ ನಿರ್ಬಂಧಕ್ಕೆ ಅವಕಾಶ ಕಣ್ಣೆದುರಿನ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯಿಂದ, ದಾಖಲೆಯೊಡನೆ ಮಾತ್ರ. ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೆ ಕಟ್ಟಿಹಾಕುವಂತಿಲ್ಲ. ಈ ಕೊನೆಯ ಮಾತನ್ನು ಆಡಳಿತಗಾರರು ಗಂಭೀರವಾಗಿ ಓದಿದರೆ ಅದು ನೇಮಕಾತಿಯ ಆದೇಶವೇ. ಅರ್ಧ ಗಂಟೆ ಗಂಜಿ ಕುಡಿಯುತ್ತ ಕೂರಲು ಆಳಿಲ್ಲದ ಕಡೆ ಬಟ್ಟೆಯ ಪಟ್ಟಿ ಬೇಗ ಕೈಗೆ ಬರುತ್ತದೆ.

ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜ ಕಾರ್ಯಕರ್ತರನ್ನು ತಯಾರು ಮಾಡುತ್ತಿದೆ, ನರ್ಸಿಂಗ್ ಕಾಲೇಜುಗಳು ಜಿಲ್ಲೆ ತುಂಬ ಇವೆ. ತುಳು, ಬ್ಯಾರಿ, ಕೊಂಕಣಿ ಬಲ್ಲ ಅಟೆಂಡರುಗಳಿಗೆ ಆರು ತಿಂಗಳ ತರಬೇತಿ ಕೊಡುವುದು ಇಲ್ಲಿ ಅಸಾಧ್ಯದ ಮಾತಲ್ಲ. ಆ ತರಬೇತಿ ಪಾಳಿ ಪುಸ್ತಕದಿಂದ ಶುರುವಾಗಲಿ. “ಉದ್ರಿಕ್ತರಾಗಿದ್ದರು, ಮದ್ದು ನಿರಾಕರಿಸಿದರು” ಎಂದು ಬರೆದಿಟ್ಟರೆ ಬೆಳಗಿನ ಪಾಳಿಯವರು ಇಬ್ಬರು ಗಟ್ಟಿ ಆಳುಗಳನ್ನು ಕರೆದುಕೊಂಡು ಬರುತ್ತಾರೆ. “ಮದ್ದು ಎಂದಾಗ ಕೈ ಹಿಂದೆಗೆದರು. ಗುಳಿಗೆ ಎಂದು ಹೆಸರು ಹೇಳಿ, ಸ್ಟ್ರಿಪ್ಪನ್ನು ಅವರ ಕೈಗೇ ಕೊಟ್ಟು ಒಡೆಯಲು ಬಿಟ್ಟ ಮೇಲೆ ತೆಗೆದುಕೊಂಡರು. ನೀರು ನಳ್ಳಿಯಿಂದ ತಾವೇ ಹಿಡಿದರು” ಎಂದು ಬರೆದಿದ್ದರೆ ಅವರು ಸ್ಟ್ರಿಪ್ಪನ್ನೂ ಖಾಲಿ ಲೋಟವನ್ನೂ ತರುತ್ತಾರೆ.